ವೀಕ್ಷಕ ಯಾರು, ವಿವರಣೆ ಯಾರಿಗೆ? ಸ್ವೀಡನ್ನಿನ ಟಿವಿ ಫುಟ್‌ಬಾಲ್ ವಿವರಣೆಯ ಗುಣಮಟ್ಟದ ಬಗ್ಗೆ

ಬೇಸಿಗೆ ಬಂತೆಂದರೆ ಊರಿನಿಂದ ಅಪ್ಪ ಅಮ್ಮ ಬಂದು ಎರಡು ಮೂರು ತಿಂಗಳು ಇದ್ದು ಹೋಗುವುದು ಸ್ವೀಡನ್ನಿನ ಕನ್ನಡ ಮನೆಗಳಲ್ಲಿ ಈಗ ವಾಡಿಕೆಯಾಗಿದೆ. ನನ್ನ ತಂದೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಶಿಫ್ಟ್ ಮುಗಿಸಿಕೊಂಡು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋಗಿ ಐಟಿಐ, ಎಚ್‌ಎಎಲ್, ಎಂಇಜಿ ತಂಡಗಳ ಆಟ ನೋಡಿ ಬೆಳೆದವರು. ಇಲ್ಲಿಗೆ ಬಂದಾಗ ಅವರಿಗೆ ಭಾಷೆಯ ಹಂಗಿಲ್ಲದೆ ನೋಡಲು ಸಿಗುವುದು ಫುಟ್‌ಬಾಲ್ ಒಂದೇ. ಇಲ್ಲಿಯ ಆಲ್‌ಸ್ವೆನ್ಸ್ಕನ್ ಲೀಗು ವಸಂತದಲ್ಲಿ ಶುರುವಾಗಿ ಚಳಿ ಹಿಡಿಯುವ ತನಕ ನಡೆಯುವುದರಿಂದ ಪಂದ್ಯಗಳಿಗೂ ಕೊರತೆಯಿಲ್ಲ.

ಒಂದು ಭಾನುವಾರ ಅವರು, ನಾನು, ಹನ್ನೊಂದು ವರ್ಷದ ನನ್ನ ಮಗಳು ಮೂವರೂ ಪಂದ್ಯ ನೋಡುತ್ತ ಕುಳಿತಿದ್ದೆವು. ‘ಏನೋ ಹೇಳ್ತಾನೇ ಇದ್ದಾನಲ್ಲ, ಏನಪ್ಪಾ ಅದು?’ ಎಂದು ಅಪ್ಪ ಕೇಳಿದರು. ನಾನು ಅನುವಾದಕ್ಕೆ ಇಳಿದೆ.

‘ಚೆಂಡು ಎಡಗಡೆಗೆ ಹೋಯ್ತು ಅಂತ.’

‘ಅದು ಕಾಣ್ತಾ ಇದೆಯಲ್ಲೋ.’

‘ಈಗ ಹಿಂದಕ್ಕೆ ಕೊಟ್ಟರು ಅಂತ.’

‘ಅದೂ ಕಾಣ್ತಾ ಇದೆ.’

ಸ್ವಲ್ಪ ಹೊತ್ತು ಬಿಟ್ಟು, ‘ಎಡಗಡೆ ಬ್ಯಾಕ್ ಇವತ್ತು ಮುಂದಕ್ಕೆ ಹೋಗ್ತಾ ಇಲ್ಲ, ಹೋದ ವಾರ ಅವನ ಬೆನ್ನ ಹಿಂದಿನ ಜಾಗದಿಂದಲೇ ಎರಡು ಗೋಲು ಆಗಿತ್ತಂತೆ’ ಎಂದೆ. ಅಪ್ಪ ಸೋಫಾದಲ್ಲಿ ಮುಂದಕ್ಕೆ ಸರಿದು ಕುಳಿತರು. ‘ಹಾಂ, ಇಂಥದ್ದು ಹೇಳು’ ಎಂದರು.

ಟಿವಿಯ ಫುಟ್‌ಬಾಲ್ ವಿವರಣೆಯನ್ನು ಅಳೆಯಲು ನನಗೆ ಆ ದಿನ ಒಂದು ಅಳತೆ ಸಿಕ್ಕಿತು. ಚಿತ್ರ ಕಣ್ಣೆದುರಿಗಿದೆ, ಆದರೆ ಭಾಷೆ ಬಾರದು. ಅಂಥ ಒಬ್ಬರಿಗೆ ಅನುವಾದಿಸಿ ಹೇಳಬೇಕು ಎನ್ನಿಸುವಂಥದ್ದು ವಿವರಣೆಯಲ್ಲಿ ಎಷ್ಟಿದೆ? ಅದು ಹೆಚ್ಚಿದ್ದಷ್ಟು ವಿವರಣೆ ಒಳ್ಳೆಯದು. ಮಿಕ್ಕದ್ದು ಬರಿಯ ಸದ್ದು. ಈ ಪ್ರಬಂಧದಲ್ಲಿ ಅದೇ ಅಳತೆಯನ್ನು ಹಿಡಿದು ಸ್ವೀಡನ್ನಿನ ವಿವರಣೆಯ ಪರಂಪರೆಯನ್ನು ನೋಡಿ, ಕೊನೆಗೆ ನಮ್ಮ ಕನ್ನಡದ ಕಡೆಗೆ ತಿರುಗುತ್ತೇನೆ. ನಾನು ಕ್ರೀಡಾ ಪತ್ರಕರ್ತನಲ್ಲ; ಹಲವು ವರ್ಷ ಕೇಳಿದ ಒಬ್ಬ ಕೇಳುಗ ಮಾತ್ರ.

ಒಂದು ಪದದೊಳಗೆ ಎರಡು ಕೆಲಸ

ಇಂಗ್ಲಿಷಿನಲ್ಲಿ ಕಾಮೆಂಟರಿ ಎನ್ನುವುದಕ್ಕೆ ನಮ್ಮ ಆಕಾಶವಾಣಿ ಬಳಕೆಗೆ ತಂದ ಮಾತು ‘ವೀಕ್ಷಕ ವಿವರಣೆ’. ಮೈಸೂರು ದಸರೆಯ ಜಂಬೂಸವಾರಿಯನ್ನು ರೇಡಿಯೊದಲ್ಲಿ ಕೇಳಿದವರಿಗೆಲ್ಲ ಇದು ಗೊತ್ತು. ಅರಮನೆಯ ಮುಂದೆ ಕುಳಿತ ಒಬ್ಬರು ಕಂಡದ್ದನ್ನು ಕಂಡಂತೆ ಹೇಳುತ್ತಿದ್ದರು. ಚಾಮರಾಜನಗರದ ಹಳ್ಳಿಯಲ್ಲಿ ಕುಳಿತವರಿಗೆ ಆನೆ ಕಾಣುತ್ತಿತ್ತು.

ಈ ಪದ ಎರಡು ಕೆಲಸಗಳನ್ನು ಜೋಡಿಸಿದೆ. ಮೊದಲನೆಯದು ನೋಡುವುದು, ಎರಡನೆಯದು ತಿಳಿಸಿಹೇಳುವುದು. ರೇಡಿಯೊದಲ್ಲಿ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ. ಕೇಳುವವನಿಗೆ ಕಣ್ಣಿಲ್ಲವಾದ್ದರಿಂದ ‘ಚೆಂಡು ಎಡಗಡೆಗೆ ಹೋಯಿತು’ ಎಂಬ ವಾಕ್ಯವೇ ಅಲ್ಲಿ ಅನ್ನ. ಟಿವಿ ಬಂದ ಮೇಲೆ ವೀಕ್ಷಕರು ನಾವೇ ಆದೆವು. ವಿವರಣೆಗಾರನಿಗೆ ಉಳಿದದ್ದು ವಿವರಣೆ. ಜೊತೆಗೆ, ಕ್ಯಾಮೆರಾ ತೋರಿಸದೆ ಬಿಟ್ಟದ್ದನ್ನು ನೋಡುವ ಕೆಲಸ. ಟಿವಿ ವಿವರಣೆಯ ದೋಷಗಳಲ್ಲಿ ಬಹುಪಾಲು ಈ ಬದಲಾವಣೆಯನ್ನು ಮರೆತದ್ದರಿಂದ ಬಂದವು ಎಂದು ನನ್ನ ಅಭಿಪ್ರಾಯ.

ರೇಡಿಯೊದಿಂದ ಬಂದ ದನಿ

ಸ್ವೀಡನ್ನಿನಲ್ಲಿ ರೇಡಿಯೊ ಪ್ರಸಾರ ನಿಯಮಿತವಾಗಿ ಆರಂಭವಾದದ್ದು 1925ರ ಜನವರಿ 1ರಂದು, ರೇಡಿಯೊತ್ಯೆನ್ಸ್ತ್ ಸಂಸ್ಥೆಯ ಮೂಲಕ. ಅದರ ಮೊದಲ ದೊಡ್ಡ ದನಿ ಸ್ವೆನ್ ಯೆರ್ರಿಂಗ್. ಹತ್ತು ವರ್ಷಗಳ ನಂತರ, 1935ರಲ್ಲಿ, ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಎರಡೂ ನಾಡುಗಳು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಗಾಳಿಯಲ್ಲಿ ಮಾತಾಡಲು ಕಲಿತವು ಎನ್ನಬಹುದು.

ಇಲ್ಲಿಯ ಜನಕ್ಕೆ ಯೆರ್ರಿಂಗ್ ನೆನಪಿರುವುದು ಒಂದು ಸೋಲಿನಿಂದ. 1936ರ ಆಗಸ್ಟ್ 4ರಂದು ಬರ್ಲಿನ್ ಒಲಿಂಪಿಕ್ಸಿನಲ್ಲಿ ಸ್ವೀಡನ್ ಜಪಾನಿನ ಎದುರು ಆಡಿತು. ಅರ್ಧ ವೇಳೆಗೆ 2-0 ಮುಂದಿದ್ದ ತಂಡ 3-2ರಿಂದ ಸೋತಿತು. ದ್ವಿತೀಯಾರ್ಧದಲ್ಲಿ ಯೆರ್ರಿಂಗ್ ಬಾಯಲ್ಲಿ ಮತ್ತೆ ಮತ್ತೆ ಬಂದದ್ದು ಒಂದೇ ಪದ: ‘ಯಾಪಾನೆರ್’, ಅಂದರೆ ಜಪಾನೀಯರು. ಎಲ್ಲೆಲ್ಲೂ ಜಪಾನೀಯರು, ಓಡುವ ಜಪಾನೀಯರು, ಅಡ್ಡ ಬರುವ ಜಪಾನೀಯರು. ಆ ಉಸಿರುಗಟ್ಟಿದ ಪುನರಾವರ್ತನೆ ಸ್ವೀಡಿಷ್ ಭಾಷೆಯಲ್ಲಿ ನಾಣ್ಣುಡಿಯಂತೆ ನಿಂತುಬಿಟ್ಟಿತು. ರೇಡಿಯೊದ ಮಟ್ಟಿಗೆ ಅದು ಅಸಾಮಾನ್ಯ ಕೆಲಸ. ಮೈದಾನ ಕಾಣದವನಿಗೆ, ಆಟಗಾರರಿಂದ ಮೈದಾನ ತುಂಬಿಹೋದ ದಿಗಿಲನ್ನು ಅದು ಕಿವಿಗೆ ಮುಟ್ಟಿಸಿತು. ಅದರ ಇನ್ನೊಂದು ಮುಖಕ್ಕೆ ಆಮೇಲೆ ಬರುತ್ತೇನೆ.

ಯೆರ್ರಿಂಗ್ ನಂತರದ ದೊಡ್ಡ ಹೆಸರು ಲೆನ್ನಾರ್ಟ್ ಹ್ಯೂಲಾಂಡ್. 1962ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಸ್ವೀಡನ್ ಕೆನಡಾವನ್ನು 5-3ರಿಂದ ಸೋಲಿಸಿದ ಐಸ್ ಹಾಕಿ ಪಂದ್ಯದಲ್ಲಿ, ಖಾಲಿ ಗೋಲಿನ ಕಡೆಗೆ ಜಾರುತ್ತಿದ್ದ ಬಿಲ್ಲೆಯನ್ನು ಅವರು ವಿವರಿಸಿದ ರೀತಿ ಇಂದಿಗೂ ಇಲ್ಲಿಯ ಹಿರಿಯರ ಬಾಯಲ್ಲಿದೆ. ಅದೂ ರೇಡಿಯೊ. ನೆರೆಯ ನಾರ್ವೆಯಲ್ಲಿ 1981ರಲ್ಲಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿದಾಗ, ಚರ್ಚಿಲ್‌ರಿಂದ ಮಾರ್ಗರೇಟ್ ಥ್ಯಾಚರ್‌ವರೆಗೆ ಇಂಗ್ಲಿಷರನ್ನೆಲ್ಲ ಹೆಸರಿಡಿದು ಕೂಗಿದ ಬ್ಯೋರ್ಗೆ ಲಿಲ್ಲೆಲಿಯನ್ ರೇಡಿಯೊದವರು. 1986ರಲ್ಲಿ ಮರಡೋನಾನ ಓಟವನ್ನು ಅಳುತ್ತ ವಿವರಿಸಿದ ವಿಕ್ಟರ್ ಹ್ಯೂಗೊ ಮೊರಾಲೆಸ್ ಕೂಡ ರೇಡಿಯೊದವರೇ. ಜಗತ್ತು ನೆನಪಿಟ್ಟ ವಿವರಣೆಗಳಲ್ಲಿ ಹೆಚ್ಚಿನವು ಕಣ್ಣಿಲ್ಲದ ಕೇಳುಗನಿಗಾಗಿ ಹುಟ್ಟಿದವು.

ಟಿವಿಯಲ್ಲಿ ಕೂರುವವರು ಈ ದನಿಗಳನ್ನೇ ಕೇಳಿ ಬೆಳೆದವರು. ಆದ್ದರಿಂದ ಅವರ ಗಂಟಲಿಗೆ ಬರುವುದು ರೇಡಿಯೊದ ವೇಗ, ರೇಡಿಯೊದ ತುಂಬಿಸುವ ಚಟ. ಎಂಟು ಸೆಕೆಂಡು ಸುಮ್ಮನಿದ್ದರೆ ರೇಡಿಯೊದಲ್ಲಿ ಪ್ರಸಾರ ನಿಂತಿತೆಂದು ಜನ ಗುಂಡಿ ತಿರುಗಿಸುತ್ತಾರೆ. ಟಿವಿಯಲ್ಲಿ ಎಂಟು ಸೆಕೆಂಡು ಸುಮ್ಮನಿದ್ದರೆ ಹಮ್ಮರ್‌ಬಿ ಅಭಿಮಾನಿಗಳ ಹಾಡು ಕೇಳಿಸುತ್ತದೆ. ಸ್ಟಾಕ್‌ಹೋಮ್ ತಂಡಗಳ ಪಂದ್ಯಕ್ಕೆ ಒಮ್ಮೆಯಾದರೂ ಹೋದವರಿಗೆ ಗೊತ್ತು, ಆ ಹಾಡಿಗಿಂತ ದೊಡ್ಡ ವಿವರಣೆ ಇಲ್ಲ ಎಂದು. ಅದರ ಮೇಲೆ ಮಾತಿನ ಮಣ್ಣು ಸುರಿಯುವುದು ಟಿವಿ ವಿವರಣೆಯ ಮೊದಲ ತಪ್ಪು.

ಟಿವಿಗೆಂದೇ ಹುಟ್ಟಿದ ಒಳ್ಳೆಯ ಮಾತಿಗೂ ಉದಾಹರಣೆ ಇದೆ. 1966ರ ವಿಶ್ವಕಪ್ ಫೈನಲ್‌ನ ಕೊನೆಯಲ್ಲಿ ಬಿಬಿಸಿಯ ಕೆನ್ನೆತ್ ವೋಲ್‌ಸ್ಟನ್‌ಹೋಮ್, ಪಂದ್ಯ ಮುಗಿಯಿತೆಂದುಕೊಂಡು ಜನ ಮೈದಾನಕ್ಕೆ ನುಗ್ಗಿದ್ದನ್ನು ಹೇಳಿದರು, ಅಷ್ಟರಲ್ಲಿ ಗೋಲಾಯಿತು, ಈಗ ನಿಜಕ್ಕೂ ಮುಗಿಯಿತು ಎಂದರು. ಗೋಲನ್ನು ಅವರು ವರ್ಣಿಸಲೇ ಇಲ್ಲ. ಕಾಣುತ್ತಿದ್ದ ಎರಡು ಸಂಗತಿಗಳನ್ನು ಕೂಡಿಸಿದರು, ಅಷ್ಟೆ. ನನ್ನ ಅಪ್ಪನಿಗೆ ಅನುವಾದಿಸಿ ಹೇಳಬಹುದಾದ ಮಾತು ಅದು.

ಪರಿಚಯಿಸುವ ಕಲೆ

ಸ್ವೀಡನ್ನಿನಲ್ಲಿ ಟಿವಿಯ ನಿಯಮಿತ ಪ್ರಸಾರ ಶುರುವಾದದ್ದು 1956ರಲ್ಲಿ. ಎರಡೇ ವರ್ಷಕ್ಕೆ ವಿಶ್ವಕಪ್ ಇಲ್ಲಿಗೇ ಬಂತು. 1958ರ ಜೂನ್ 29ರಂದು ಸೋಲ್ನಾದ ರೋಸುಂಡ ಕ್ರೀಡಾಂಗಣದಲ್ಲಿ ಬ್ರೆಜಿಲ್ 5-2ರಿಂದ ಸ್ವೀಡನ್ನನ್ನು ಸೋಲಿಸಿತು. ಎರಡು ಗೋಲು ಹೊಡೆದ ಪೆಲೆಗೆ ಆಗ ಹದಿನೇಳು ವರ್ಷ. ಆ ಕ್ರೀಡಾಂಗಣ ಈಗಿಲ್ಲ, ಅಲ್ಲಿ ಮನೆಗಳೆದ್ದಿವೆ. ಆದರೆ ಪೆಲೆಯ ಪ್ರತಿಮೆ ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿದೆ! ಅಪ್ಪನನ್ನು ಸೋಲ್ನಾಕ್ಕೆ ಕರೆದುಕೊಂಡು ಹೋಗಿ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಆ ಕಟ್ಟಡಗಳನ್ನೇ ನೋಡುತ್ತ ನಿಂತರು.

ಇಲ್ಲಿಯ ಟಿವಿ ವಿವರಣೆಯ ಸ್ವಭಾವ ರೂಪುಗೊಂಡದ್ದು ಮಾತ್ರ ಪರದೇಶದ ಪಂದ್ಯಗಳಿಂದ ಎಂದು ನನಗನ್ನಿಸುತ್ತದೆ. 1969ರ ನವೆಂಬರ್ 29ರ ಶನಿವಾರ ‘ಟಿಪ್ಸ್‌ಎಕ್ಸ್‌ಟ್ರಾ’ ಕಾರ್ಯಕ್ರಮ ಇಂಗ್ಲಿಷ್ ಲೀಗಿನ ಪಂದ್ಯವನ್ನು ನೇರವಾಗಿ ತೋರಿಸಲಾರಂಭಿಸಿತು. ಮೊದಲ ಪಂದ್ಯ ವುಲ್ವರ್‌ಹ್ಯಾಂಪ್ಟನ್ ಮತ್ತು ಸಂಡರ್‌ಲ್ಯಾಂಡ್ ನಡುವೆ, ಫಲಿತಾಂಶ 1-0. ವಿವರಣೆ ಲಾರ್ಸ್-ಗುನ್ನಾರ್ ಬ್ಯೋರ್ಕ್‌ಲುಂಡ್ ಅವರದು. ಹಿಮ ಬಿದ್ದ ಊರುಗಳಲ್ಲಿ ಕುಳಿತ ಸ್ವೀಡಿಷ್ ಸಂಸಾರಗಳು ಇಂಗ್ಲೆಂಡಿನ ಕೆಸರು ಮೈದಾನಗಳನ್ನು ವಾರವಾರ ನೋಡಿದವು. ಇವತ್ತಿಗೂ ನನ್ನ ವಯಸ್ಸಿನ ಸಹೋದ್ಯೋಗಿಗಳು ಯಾವುದೋ ಇಂಗ್ಲಿಷ್ ಊರಿನ ತಂಡಕ್ಕೆ ಮನೆದೇವರಂತೆ ನಡೆದುಕೊಳ್ಳುವುದಕ್ಕೆ ಮೂಲ ಅಲ್ಲಿದೆ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಹೆಸರು, ಗೊತ್ತಿಲ್ಲದ ವೈರಗಳನ್ನು ತಮ್ಮ ಜನಕ್ಕೆ ತಮ್ಮ ಭಾಷೆಯಲ್ಲಿ ಪರಿಚಯಿಸುವುದೇ ಆ ವಿವರಣೆಗಾರರ ಕೆಲಸವಾಗಿತ್ತು. ಅಂದರೆ ಇಲ್ಲಿ ಟಿವಿ ವಿವರಣೆ ಮೊದಲಿನಿಂದಲೂ ಒಂದು ಬಗೆಯ ಅನುವಾದವಾಗಿತ್ತು. ಸ್ವೀಡಿಷ್ ವಿವರಣೆಯಲ್ಲಿ ನನಗೆ ಇಷ್ಟವಾಗುವ ಗುಣಗಳೆಲ್ಲ ಇಲ್ಲಿಂದ ಬಂದವು: ಆಡಂಬರವಿಲ್ಲದ ಮಾತು, ಎದುರು ತಂಡದ ಬಗ್ಗೆ ಆಸಕ್ತಿ, ಕೇಳುವವನಿಗೆ ಎಲ್ಲ ಗೊತ್ತಿದೆ ಎಂದು ಭಾವಿಸದ ವಿನಯ.

ತಪ್ಪುಗಳನ್ನು ಸಹಿಸುವ ಗುಣವೂ ಇಲ್ಲಿಯ ಪ್ರೇಕ್ಷಕರಲ್ಲಿದೆ. ಬಾಯ್ತಪ್ಪಿಗೆ ಸ್ವೀಡಿಷ್ ಭಾಷೆಯಲ್ಲಿ ‘ಗ್ರೋಡಾ’, ಅಂದರೆ ಕಪ್ಪೆ ಎನ್ನುತ್ತಾರೆ. ಬಾಯಿಂದ ಕಪ್ಪೆ ಜಿಗಿಯಿತು ಎಂಬ ಅರ್ಥದಲ್ಲಿ. ಎಸ್‌ವಿಟಿಯಲ್ಲಿ ದೀರ್ಘಕಾಲ ಮಾತಾಡಿದ ಆರ್ನೆ ಹೇಗೆರ್‌ಫೋರ್ಸ್ ಅವರ ಕಪ್ಪೆಗಳು ಪ್ರಸಿದ್ಧ. ಜನ ಅವುಗಳನ್ನು ಪ್ರೀತಿಯಿಂದ ನೆನೆಯುತ್ತಾರೆ. ಹೆಸರು ತಪ್ಪುವುದು, ವಾಕ್ಯ ಎಡವುವುದು ದೊಡ್ಡ ದೋಷವಲ್ಲ ಎಂಬುದಕ್ಕೆ ಇದು ಸಾಕ್ಷಿ. ಏನೂ ಹೇಳದೆ ತೊಂಬತ್ತು ನಿಮಿಷ ಸರಾಗವಾಗಿ ಮಾತಾಡುವುದೇ ದೊಡ್ಡ ದೋಷ.

ಎರಡನೆಯ ಕುರ್ಚಿ

ಈಗ ಒಬ್ಬರೇ ಮಾತಾಡುವ ಕಾಲ ಹೋಗಿದೆ. ವಿವರಣೆಗಾರರ ಪಕ್ಕದಲ್ಲಿ ಹಳೆಯ ಆಟಗಾರರೊಬ್ಬರು ‘ಪರಿಣತ ವಿವರಣೆಗಾರ’ ಎಂಬ ಹೆಸರಿನಲ್ಲಿ ಕೂರುತ್ತಾರೆ. ತಾತ್ವಿಕವಾಗಿ ಇದು ಒಳ್ಳೆಯ ಏರ್ಪಾಡು. ಒಬ್ಬರು ಏನಾಯಿತು ಎನ್ನುತ್ತಾರೆ, ಇನ್ನೊಬ್ಬರು ಏಕಾಯಿತು ಎನ್ನುತ್ತಾರೆ.

ಇದನ್ನು ಚೆನ್ನಾಗಿ ಮಾಡುವವರು ಇಲ್ಲಿದ್ದಾರೆ. 1982ರಲ್ಲಿ ಯುಇಎಫ್‌ಎ ಕಪ್ ಗೆದ್ದ ಐಎಫ್‌ಕೆ ಗೋಥೆನ್‌ಬರ್ಗ್ ತಂಡದಲ್ಲಿದ್ದು, ಆಮೇಲೆ ಇಟಲಿಯ ಅಟಲಾಂಟಾ ತಂಡದಲ್ಲಿ ಎಂಟು ವರ್ಷ ಆಡಿದ ಗ್ಲೆನ್ ಸ್ಟ್ರೋಮ್‌ಬೆರಿ ಅವರಲ್ಲೊಬ್ಬರು. ಚೆಂಡು ಇಲ್ಲದ ಕಡೆ ಏನಾಗುತ್ತಿದೆ ಎಂಬುದರ ಮೇಲೆ ಅವರ ಗಮನ. 2003ರ ವಿಶ್ವಕಪ್ ಫೈನಲ್ ತಲುಪಿದ ಸ್ವೀಡನ್ ಮಹಿಳಾ ತಂಡದ ರಕ್ಷಣಾ ಆಟಗಾರ್ತಿ ಹನ್ನಾ ಮಾರ್ಕ್‌ಲುಂಡ್ ಟಿವಿ4ರಲ್ಲಿ ಪುರುಷರ ರಾಷ್ಟ್ರೀಯ ತಂಡದ ಪಂದ್ಯಗಳಿಗೂ ಪರಿಣತೆಯಾಗಿ ಕುಳಿತರು. ರಕ್ಷಣೆಯಲ್ಲಿ ನಿಂತವರಿಗೆ ಮಾತ್ರ ಕಾಣುವ ಸಣ್ಣ ಸಂಗತಿಗಳನ್ನು ಅವರು ಹೇಳುವುದನ್ನು ಕೇಳಿದ್ದೇನೆ. ನನ್ನ ಮಗಳಿಗೆ, ಹೆಂಗಸೊಬ್ಬರು ಗಂಡಸರ ಆಟದ ಬಗ್ಗೆ ಅಧಿಕಾರದಿಂದ ಮಾತಾಡುವುದು ಆಶ್ಚರ್ಯದ ಸಂಗತಿಯೇ ಅಲ್ಲ. ನನ್ನ ಅಪ್ಪನಿಗೆ ಮೊದಲ ಹತ್ತು ನಿಮಿಷ ಆಶ್ಚರ್ಯವಾಯಿತು. ಆಮೇಲೆ, ‘ಈಯಮ್ಮ ಆಡಿದ್ದಾಳೆ, ಗೊತ್ತಾಗುತ್ತೆ’ ಎಂದರು.

ಆದರೆ ಎರಡನೆಯ ಕುರ್ಚಿಯ ಹೊಸ ದೋಷಗಳೂ ಇವೆ. ಒಂದು, ಆದ ಮೇಲಿನ ಬುದ್ಧಿ. ಗೋಲು ತಪ್ಪಿದ ಮೇಲೆ ‘ಅಲ್ಲಿ ಪಾಸ್ ಕೊಡಬೇಕಿತ್ತು’ ಎನ್ನುವುದಕ್ಕೆ ಪರಿಣತಿ ಬೇಕಿಲ್ಲ. ಕೊಡುವ ಮೊದಲೇ ‘ಬಲಗಡೆ ಒಬ್ಬ ಬಿಡುವಾಗಿ ನಿಂತಿದ್ದಾನೆ’ ಎನ್ನುವುದಕ್ಕೆ ಬೇಕು. ಎರಡು, ಅಂಕಿಅಂಶಗಳ ಸುರಿಮಳೆ. ಚೆಂಡು ಯಾರ ಬಳಿ ಶೇಕಡಾ ಎಷ್ಟು ಹೊತ್ತು ಇತ್ತು, ‘ನಿರೀಕ್ಷಿತ ಗೋಲು’ ಎಷ್ಟು ಎಂಬುದು ಪರದೆಯ ಮೇಲೆ ಬರೆದೇ ಇರುತ್ತದೆ. ಓದಿ ಹೇಳುವ ಬದಲು, ಅದು ಏಕೆ ಹಾಗಾಯಿತು ಎಂದರೆ ವಿವರಣೆ. ಮೂರು, ಹಳೆಯ ಗೆಳೆಯರಿಬ್ಬರು ತಮ್ಮ ಕಾಲದ ಕಥೆ ಹೇಳಿಕೊಂಡು ನಗುವುದು. ನಾವು ಆಗ ಪಕ್ಕದ ಮೇಜಿನ ಮಾತು ಕದ್ದು ಕೇಳಿದವರಂತಾಗುತ್ತೇವೆ.

ಮೈದಾನದಲ್ಲಿಲ್ಲದ ವೀಕ್ಷಕ

ಟಿವಿ ವಿವರಣೆಗಾರನಿಗೆ ಉಳಿದ ಇನ್ನೊಂದು ಕೆಲಸ, ಕ್ಯಾಮೆರಾ ಬಿಟ್ಟದ್ದನ್ನು ನೋಡುವುದು ಎಂದೆ. ಅದಕ್ಕೆ ಅವನು ಮೈದಾನದಲ್ಲಿರಬೇಕು. ಈಗ ಬಹಳಷ್ಟು ಪಂದ್ಯಗಳಿಗೆ, ಅದರಲ್ಲೂ ಪರದೇಶದ ಲೀಗುಗಳಿಗೆ, ವಿವರಣೆಗಾರರು ಸ್ಟುಡಿಯೊದಲ್ಲಿ ಪರದೆ ನೋಡಿಕೊಂಡು ಮಾತಾಡುತ್ತಾರೆ. 2020ರ ಮಹಾಮಾರಿಯ ಕಾಲದಲ್ಲಿ ಇದು ಅನಿವಾರ್ಯವಾಗಿತ್ತು. ಆಮೇಲೆ ಖರ್ಚು ಉಳಿಸುವ ದಾರಿಯಾಗಿ ಉಳಿದುಕೊಂಡಿತು. ಬೆಂಚಿನಿಂದ ಎದ್ದು ಮೈ ಬಿಸಿ ಮಾಡಿಕೊಳ್ಳುತ್ತಿರುವವನಾರು, ಗಾಳಿ ಯಾವ ಕಡೆಗೆ, ಚೆಂಡು ಆ ತುದಿಯಲ್ಲಿರುವಾಗ ಈ ತುದಿಯ ಗೋಲ್‌ಕೀಪರ್ ಎಲ್ಲಿ ನಿಂತಿದ್ದಾನೆ, ಇವು ಯಾವುವೂ ಅವರಿಗೆ ಕಾಣುವುದಿಲ್ಲ. ಅವರು ನೋಡುವುದು ನಾವು ನೋಡುವುದನ್ನೇ. ಆಗ ಮಾತು ತಾನಾಗಿಯೇ ‘ಚೆಂಡು ಎಡಗಡೆಗೆ ಹೋಯಿತು’ ಎಂಬಲ್ಲಿಗೆ ಇಳಿಯುತ್ತದೆ. ಇದರಲ್ಲಿ ವಿವರಣೆಗಾರರ ತಪ್ಪು ಕಡಿಮೆ, ಕಳಿಸದೆ ಉಳಿಸಿದವರ ತಪ್ಪು ಹೆಚ್ಚು.

ಇದೇ ಸಂದರ್ಭದಲ್ಲಿ ಆಲ್‌ಸ್ವೆನ್ಸ್ಕನ್ನಿನ ಒಂದು ವಿಶೇಷ ಹೇಳಬೇಕು. ಇಲ್ಲಿಯ ಕ್ಲಬ್ಬುಗಳಲ್ಲಿ ಬಹುಮತದ ಅಧಿಕಾರ ಸದಸ್ಯರದೇ ಆಗಿರಬೇಕೆಂಬ ನಿಯಮವಿದೆ. ಆ ಸದಸ್ಯರ ವಿರೋಧದಿಂದಾಗಿ ವಿಡಿಯೊ ರೆಫರಿ, ಅಂದರೆ ವಿಎಆರ್, ವ್ಯವಸ್ಥೆಯನ್ನು ತರುವುದಿಲ್ಲವೆಂದು 2024ರಲ್ಲಿ ತೀರ್ಮಾನವಾಯಿತು. ವಿವರಣೆಯ ಮೇಲೆ ಇದರ ಪರಿಣಾಮ ನೋಡಿ. ಶನಿವಾರ ಇಂಗ್ಲಿಷ್ ಪಂದ್ಯದಲ್ಲಿ ಗೋಲಾದಾಗ ಹೊರಡುವ ಕೂಗಿನಲ್ಲಿ ಒಂದು ‘ಆದರೆ’ ಅಡಗಿರುತ್ತದೆ. ಗೆರೆ ಎಳೆದು ನೋಡುವ ತನಕ ಸಂತೋಷ ಸಾಲದ ಮೇಲಿನದು. ಭಾನುವಾರ ಆಲ್‌ಸ್ವೆನ್ಸ್ಕನ್ನಿನಲ್ಲಿ ಗೋಲೆಂದರೆ ಗೋಲು. ವಿವರಣೆಗಾರ ಪೂರ್ತಿ ಉಸಿರಿನಲ್ಲಿ ಕೂಗಬಹುದು, ಕೂಗಿ ಸುಮ್ಮನಾಗಬಹುದು. ತೀರ್ಪು ತಪ್ಪಾಗಿದ್ದರೆ ಅದನ್ನು ಹೇಳುವ ಹೊಣೆಯೂ ಅವನದೇ.

ಹೆಸರು ಹೇಳುವ ಹೊಣೆ

ಈಗ 1936ರ ಇನ್ನೊಂದು ಮುಖಕ್ಕೆ ಬರೋಣ. ಆ ದಿನ ಜಪಾನಿನ ಪರ ಗೋಲು ಹೊಡೆದವರು ಕವಮೊಟೊ, ಉಕೊನ್ ಮತ್ತು ಮತ್ಸುನಾಗ. ಜಪಾನಿನಲ್ಲಿ ಆ ಪಂದ್ಯವನ್ನು ‘ಬರ್ಲಿನ್ನಿನ ಪವಾಡ’ ಎನ್ನುತ್ತಾರೆ. ಇಲ್ಲಿ ಆ ಮೂರು ಹೆಸರುಗಳು ನೆನಪಿನಲ್ಲಿ ಉಳಿಯಲಿಲ್ಲ. ಉಳಿದದ್ದು ‘ಯಾಪಾನೆರ್’ ಎಂಬ ಒಂದೇ ಪದ. ಹನ್ನೊಂದು ಮಂದಿ ಒಂದು ಗುಂಪಾಗಿ ಹೋದರು. ಯೆರ್ರಿಂಗ್ ದುರುದ್ದೇಶದಿಂದ ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಹೆಸರು ಹೇಳುವುದು ಮತ್ತು ಗುಂಪಿಗೆ ಸೇರಿಸುವುದು ಎರಡೂ ವಿವರಣೆಗಾರನ ಕೈಯಲ್ಲಿವೆ ಎಂಬುದು ಅಲ್ಲಿಂದ ತಿಳಿಯುತ್ತದೆ.

ಇದು ಹಳೆಯ ಮಾತಲ್ಲ. 2020ರಲ್ಲಿ ರನ್‌ರಿಪೀಟ್ ಎಂಬ ಡೆನ್ಮಾರ್ಕಿನ ಸಂಸ್ಥೆ, ಇಂಗ್ಲೆಂಡಿನ ಆಟಗಾರರ ಸಂಘದ ಜೊತೆಗೂಡಿ, ಯುರೋಪಿನ ನಾಲ್ಕು ದೊಡ್ಡ ಲೀಗುಗಳ 80 ಪಂದ್ಯಗಳ ಇಂಗ್ಲಿಷ್ ವಿವರಣೆಯಿಂದ 2,073 ಹೇಳಿಕೆಗಳನ್ನು ಪರಿಶೀಲಿಸಿತು. ಬಿಳಿ ಮೈಬಣ್ಣದ ಆಟಗಾರರನ್ನು ಹೊಗಳುವಾಗ ಬುದ್ಧಿ, ಶ್ರಮ, ಆಟದ ಗುಣ ಎಂಬ ಮಾತುಗಳು ಹೆಚ್ಚು. ಕಪ್ಪು ಮೈಬಣ್ಣದವರ ವಿಷಯದಲ್ಲಿ ಬಲ, ವೇಗ ಎಂಬ ಮಾತುಗಳು ಹೆಚ್ಚು ಎಂದು ಅದು ಕಂಡಿತು. ಈ ಮಾತುಗಳು ಹೊಗಳಿಕೆಯವೇ. ಆದರೂ ಒಬ್ಬನಿಗೆ ತಲೆ, ಇನ್ನೊಬ್ಬನಿಗೆ ಮೈ ಎಂದು ಹಂಚಿಕೆಯಾಗಿಬಿಟ್ಟಿದೆ.

ಸ್ವೀಡನ್ನಿನ ಇಂದಿನ ತಂಡವನ್ನು ನೋಡಿ. ಎರಿಟ್ರಿಯದಿಂದ ಬಂದ ತಂದೆತಾಯಿಗೆ ಸೋಲ್ನಾದಲ್ಲಿ ಹುಟ್ಟಿದ ಅಲೆಕ್ಸಾಂಡರ್ ಇಸಾಕ್, ಕ್ಯಾಮರೂನಿನ ಆಟಗಾರನ ಮಗನಾಗಿ ಮಾಲ್ಮೊದಲ್ಲಿ ಹುಟ್ಟಿದ ಆಂತೊನಿ ಎಲಾಂಗಾ. ಇವರ ಆಟವನ್ನು ವಿವರಿಸುವಾಗ ಓಟದ ವೇಗವನ್ನಷ್ಟೇ ಹೇಳಿದರೆ, ಓಡುವ ಮೊದಲು ಅವರು ಜಾಗ ಹುಡುಕಿದ ಬುದ್ಧಿ ಮರೆಯಾಗುತ್ತದೆ. ಇಲ್ಲಿಯ ಒಳ್ಳೆಯ ವಿವರಣೆಗಾರರು ಇಸಾಕ್‌ನ ತಾಳ್ಮೆಯನ್ನು, ಚೆಂಡನ್ನು ಕಾಲಿನಲ್ಲಿ ಹಿಡಿದು ಎದುರಾಳಿ ಮೊದಲು ಕದಲುವುದಕ್ಕೆ ಕಾಯುವ ರೀತಿಯನ್ನು ಹೇಳುತ್ತಾರೆ. ಅದು ಅನುವಾದಕ್ಕೆ ಯೋಗ್ಯವಾದ ಮಾತು. ನಮಗಂತೂ ಇದು ದೂರದ ವಿಷಯವಲ್ಲ. ನಮ್ಮ ಮಕ್ಕಳು ಇದೇ ವಿವರಣೆಯನ್ನು ಕೇಳಿ, ಇದೇ ಮಾತುಗಳನ್ನು ಹೊತ್ತು, ಶನಿವಾರ ಬೆಳಿಗ್ಗೆ ಬಡಾವಣೆಯ ಮೈದಾನಕ್ಕೆ ಹೋಗುತ್ತಾರೆ. ಕಂದು ಬಣ್ಣದ ಹುಡುಗಿಯೊಬ್ಬಳ ಆಟವನ್ನು ಯಾವ ಪದದಿಂದ ಹೊಗಳಬೇಕು ಎಂಬುದನ್ನು ಬದಿಯಲ್ಲಿ ನಿಂತ ತಂದೆತಾಯಿಗಳಿಗೆ ಕಲಿಸಿದ್ದು ಟಿವಿಯೇ.

ಕನ್ನಡದಲ್ಲಿ ಆಟ

ಕೊನೆಯದಾಗಿ ನಮ್ಮ ಭಾಷೆ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ಸ್ವೀಡನ್ನಿನ ಜನಸಂಖ್ಯೆ ಒಂದು ಕೋಟಿಗಿಂತ ತುಸು ಹೆಚ್ಚು. ಐಸ್‌ಲ್ಯಾಂಡಿನದು 2016ರಲ್ಲಿ ಸುಮಾರು 3.3 ಲಕ್ಷ, ಆ ವರ್ಷದ ಯುರೋ ಕಪ್‌ನಲ್ಲಿ ಆಸ್ಟ್ರಿಯದ ವಿರುದ್ಧ ಕೊನೆಯ ಗಳಿಗೆಯಲ್ಲಿ ಗೋಲಾದಾಗ ಗುಡ್ಮುಂಡುರ್ ಬೆನೆಡಿಕ್ಟ್ಸನ್ ಐಸ್‌ಲ್ಯಾಂಡ್ ಟಿವಿಯಲ್ಲಿ ಕಿರುಚಿದ ದನಿ ಜಗತ್ತಿಗೇ ಕೇಳಿಸಿತು. ಕೂಗಬಾರದು ಎಂಬ ನನ್ನ ವಾದಕ್ಕೆ ಅದು ಅಪವಾದ, ಸಂತೋಷದಿಂದ ಒಪ್ಪುತ್ತೇನೆ. ಅಷ್ಟು ಪುಟ್ಟ ಭಾಷೆಗೆ ತನ್ನದೇ ವಿವರಣೆಗಾರ ಇದ್ದಾನೆ ಎಂಬುದು ಇಲ್ಲಿ ಮುಖ್ಯ. 2022ರ ವಿಶ್ವಕಪ್ಪನ್ನು ಭಾರತದಲ್ಲಿ ಜಿಯೋಸಿನಿಮಾ ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ, ಬಂಗಾಳಿ ಭಾಷೆಗಳ ವಿವರಣೆಯೊಂದಿಗೆ ತೋರಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

ಫುಟ್‌ಬಾಲ್ ನಮ್ಮ ಆಟವಲ್ಲ ಎನ್ನುವುದು ಸುಲಭದ ಉತ್ತರ, ಆದರೆ ಸುಳ್ಳು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಎಸ್. ರಾಮನ್. 1967-68 ಮತ್ತು 1968-69ರಲ್ಲಿ ಮೈಸೂರು ಸಂತೋಷ್ ಟ್ರೋಫಿಯನ್ನು ಸತತವಾಗಿ ಗೆದ್ದಿತು. 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ತಂದಿತು. 2017-18ರಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗಿಗೆ ಬಂದಾಗ ಸುವರ್ಣ ಪ್ಲಸ್ ವಾಹಿನಿಯಲ್ಲಿ ಕನ್ನಡ ವಿವರಣೆಯೂ ಬಂತು. ಅದು ಬೇರು ಬಿಡುವಷ್ಟು ಕಾಲ, ಅಷ್ಟು ಪಂದ್ಯ ಸಿಗಲಿಲ್ಲ ಎಂಬುದು ನನ್ನ ಕೊರಗು. ಪಕ್ಕದ ಮಲಯಾಳದಲ್ಲಿ ಶೈಜು ದಾಮೋದರನ್ ಅವರ ವಿವರಣೆಯನ್ನು 2018ರ ವಿಶ್ವಕಪ್ ಹೊತ್ತಿಗೆ ಭಾಷೆ ಬಾರದವರೂ ಹುಡುಕಿ ಕೇಳುವಂತಾಗಿತ್ತು.

ಕನ್ನಡದ ಕ್ರೀಡಾ ವಿವರಣೆ ಕ್ರಿಕೆಟ್ಟಿನಲ್ಲಿ, ಕಬಡ್ಡಿಯಲ್ಲಿ ಬೆಳೆದಿದೆ. ಆದರೆ ಅಲ್ಲೂ ಒಂದು ಚಟ ಅಂಟಿದೆ: ಆಟ ಸಪ್ಪೆಯಾದ ಕೂಡಲೇ ಸಿನಿಮಾ ಸಂಭಾಷಣೆ, ಪ್ರಾಸ, ನಾಯಕನಟರ ಬಿರುದುಗಳನ್ನು ಎರಚುವುದು. ಇದು ರೇಡಿಯೊದ ತುಂಬಿಸುವ ಚಟದ ಇನ್ನೊಂದು ರೂಪ. ಸಪ್ಪೆ ಆಟ ಏಕೆ ಸಪ್ಪೆಯಾಗಿದೆ ಎಂದು ಹೇಳಿದರೆ ಅದೇ ವಿವರಣೆ.

ಪದಗಳಿಲ್ಲ ಎನ್ನುವವರಿಗೆ ಸ್ವೀಡಿಷ್ ಭಾಷೆ ಒಳ್ಳೆಯ ಪಾಠ. ‘ಮ್ಯಾಚ್’, ‘ಬ್ಯಾಕ್’, ‘ಆಫ್‌ಸೈಡ್’ ಪದಗಳನ್ನು ಅದು ಇಂಗ್ಲಿಷಿನಿಂದ ಹಾಗೆಯೇ ತೆಗೆದುಕೊಂಡಿತು. ಗೋಲ್‌ಕೀಪರ್‌ನನ್ನು ‘ಮೋಲ್‌ವಕ್ತ್’, ಅಂದರೆ ಗೋಲಿನ ಕಾವಲುಗಾರ ಎಂದಿತು. ತಲೆಯಿಂದ ಹೊಡೆಯುವುದಕ್ಕೆ ತಲೆಯಾಡಿಸುವುದು ಎಂಬರ್ಥದ ಪದವನ್ನೇ ಬಳಸಿತು. ಎದುರಾಳಿಯ ಕಾಲುಗಳ ನಡುವೆ ಚೆಂಡು ತೂರಿಸಿದರೆ ‘ತುನ್ನೆಲ್’, ಸುರಂಗ. ಆಟಗಾರನ ಹೆಸರೇ ಕ್ರಿಯಾಪದವಾದದ್ದೂ ಉಂಟು: ಜ್ಲಾಟನ್ ಇಬ್ರಾಹಿಮೊವಿಚ್ ಹೆಸರಿನಿಂದ ಬಂದ ‘ಜ್ಲಾಟನೇರಾ’ 2012ರಲ್ಲಿ ಇಲ್ಲಿಯ ಭಾಷಾ ಮಂಡಳಿಯ ಹೊಸ ಪದಗಳ ಪಟ್ಟಿ ಸೇರಿತು. ಶುದ್ಧವೋ ಬೆರಕೆಯೋ ಎಂಬ ಜಗಳವಿಲ್ಲದೆ, ವಾರವಾರ ಆಟವನ್ನು ಹೇಳುತ್ತ ಹೋದದ್ದರಿಂದ ಪದಗಳು ಹುಟ್ಟಿದವು. ಹೇಳದೆ ಇದ್ದರೆ ಯಾವ ನಿಘಂಟಿನಿಂದಲೂ ಬರುವುದಿಲ್ಲ.

ಇದಕ್ಕೆ ಸಾಕ್ಷಿ ನನ್ನ ಮನೆಯಲ್ಲೇ ಸಿಕ್ಕಿತು. ಅನುವಾದ ಸಾಕಾಗಿ ಒಂದು ದಿನ ಅಪ್ಪ ಟಿವಿಯ ದನಿ ತಗ್ಗಿಸಲು ಹೇಳಿ ತಾವೇ ಮಾತಾಡತೊಡಗಿದರು. ‘ಎಲ್ಲಾ ಒಂದೇ ಕಡೆ ಸಂತೆ ಸೇರಿಬಿಟ್ರು, ಆ ಕಡೆ ಬಯಲು ಬಿಟ್ರು.’ ಗೋಲ್‌ಕೀಪರ್ ಹತ್ತಿರದ ಕಂಬ ಬಿಟ್ಟು ಸರಿದಾಗ, ‘ನೋಡು ಪುಟ್ಟಿ, ಬಾಗಿಲು ತೆಗೆದಿಟ್ಟು ಕಿಟಕಿ ಕಾಯ್ತಾ ಇದ್ದಾನೆ.’ ಮರುಕ್ಷಣ ಆ ಬಾಗಿಲಿನಿಂದಲೇ ಚೆಂಡು ಒಳಗೆ ಹೋಯಿತು. ಮಗಳು ಬಿದ್ದುಬಿದ್ದು ನಕ್ಕಳು. ಅಜ್ಜನೊಡನೆ ಎರಡು ಮಾತಿಗೆ ಮೂರನೆಯದನ್ನು ಸ್ವೀಡಿಷ್‌ನಲ್ಲಿ ಹುಡುಕುತ್ತಿದ್ದವಳು ಆ ಬೇಸಿಗೆ ಪೂರ್ತಿ ಪಂದ್ಯದ ಹೊತ್ತಿಗೆ ಅವರ ಪಕ್ಕದಲ್ಲೇ ಕುಳಿತಳು, ‘ಅಜ್ಜಾ, ಈಗ ಏನಾಗುತ್ತೆ?’ ಎಂದು ಕನ್ನಡದಲ್ಲೇ ಕೇಳುತ್ತಿದ್ದಳು. ಶನಿವಾರಗಳ ಕನ್ನಡ ಪಾಠದಿಂದ ಆಗದ ಕೆಲಸ ಇದರಿಂದ ಆಯಿತು ಎಂದರೆ ಕಲಿಸುವವರು ಬೇಸರಿಸಬಾರದು.

ಸಲಹೆ

ಈ ಪ್ರಬಂಧದ ಸಾರ ಇಷ್ಟು. ಒಳ್ಳೆಯ ಟಿವಿ ವಿವರಣೆ ಕಾಣುವುದನ್ನು ಮತ್ತೆ ಹೇಳುವುದಿಲ್ಲ. ಏಕೆ ಎಂಬುದನ್ನು ಹೇಳುತ್ತದೆ. ಕಾಣದ್ದನ್ನು ನೋಡಿ ತಿಳಿಸುತ್ತದೆ. ಆಟಗಾರನನ್ನು ಗುಂಪಿನಿಂದ ಬಿಡಿಸಿ ಹೆಸರಿನಿಂದ ಕರೆಯುತ್ತದೆ, ಅವನ ಬುದ್ಧಿಗೂ ಪಾಲು ಕೊಡುತ್ತದೆ. ಜನ ಹಾಡುವಾಗ ಸುಮ್ಮನಿರುತ್ತದೆ. ಸ್ವೀಡನ್ನಿನ ವಿವರಣೆ ಈ ಅಳತೆಗೆ ಕೆಲವೊಮ್ಮೆ ಬಹಳ ಚೆನ್ನಾಗಿ ನಿಲ್ಲುತ್ತದೆ, ಸ್ಟುಡಿಯೊದಿಂದ ಬಂದಾಗ ಎಡವುತ್ತದೆ.

ದೊಡ್ಡ ವಾಹಿನಿಗಳ ತೀರ್ಮಾನ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನು ಹೇಳುತ್ತೇನೆ. ನಮ್ಮ ಬೇಸಿಗೆ ವನಭೋಜನದಲ್ಲಿ ಮಕ್ಕಳ ಫುಟ್‌ಬಾಲ್ ಪಂದ್ಯ ಹೇಗೂ ನಡೆಯುತ್ತದೆ, ಮೈಕೂ ಇರುತ್ತದೆ. ಮುಂದಿನ ಸಲ ಆ ಮೈಕನ್ನು ಊರಿನಿಂದ ಬಂದ ಅಜ್ಜ ಅಜ್ಜಿಯರಲ್ಲೊಬ್ಬರಿಗೆ ಮತ್ತು ಇಲ್ಲಿ ಹುಟ್ಟಿದ ಒಂದು ಮಗುವಿಗೆ ಜೊತೆಯಾಗಿ ಕೊಡೋಣ. ಒಬ್ಬರಿಗೆ ಭಾಷೆ ಗೊತ್ತು, ಇನ್ನೊಬ್ಬರಿಗೆ ಆಟಗಾರರ ಹೆಸರು ಗೊತ್ತು. ವಿವರಣೆಗೆ ಬೇಕಾದದ್ದು ಇವೆರಡೇ.

ಅಪ್ಪ ಆಗಸ್ಟ್‌ನಲ್ಲಿ ಊರಿಗೆ ಹೊರಟರು. ಮರುವಾರ ಮಗಳ ತಂಡದ ಪಂದ್ಯವಿತ್ತು. ಅವರ ಪುಟ್ಟ ಗೋಲ್‌ಕೀಪರ್ ಒಂದು ಬದಿಗೆ ಸರಿದು ನಿಂತಾಗ ಮಗಳು ಮೈದಾನದ ನಡುವಿನಿಂದ ಕೂಗಿದಳು, ಸ್ವೀಡಿಷ್‌ನಲ್ಲಿ: ‘ಬಾಗಿಲು! ಕಿಟಕಿ ಅಲ್ಲ, ಬಾಗಿಲು!’ ಗೆಳತಿಗೆ ಅರ್ಥವಾಯಿತು. ಅವಳು ಕಂಬದ ಕಡೆಗೆ ಓಡಿದಳು.